ಬಳಕೆದಾರರ ರೂಢಿ ಬದಲಾದಾಗ ಬೆಳೆಗಾರರು ಮಾಡಬೇಕಾದುದೇನು?

ಯಾವುದೇ ಬೆಳೆಗೆ ಕೊನೆಯಲ್ಲಿ ಬೆಲೆ ಕಟ್ಟುವವರು ಅದನ್ನು ಬಳಸುವ ಜನರು. ಅವರ ರೂಢಿ ಬದಲಾದರೆ ಅದರ ಪರಿಣಾಮ ಸಂತೇಬೆನ್ನೂರಿನ ಸಣ್ಣ ತೋಟದವರೆಗೂ ಬಂದು ಮುಟ್ಟುತ್ತದೆ. ಕೋವಿಡ್ ಪಿಡುಗಿನ ಕಾಲದಲ್ಲಿ ಇದನ್ನು ನಾವೆಲ್ಲರೂ ಕಂಡಿದ್ದೇವೆ.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಪಾನ್ ಅಂಗಡಿಗಳು ಮುಚ್ಚಿದವು. ಸಾರ್ವಜನಿಕ ಸ್ಥಳಗಳಲ್ಲಿ ಉಗುಳುವುದು ದಂಡಾರ್ಹವಾಯಿತು. ಹೋಟೆಲುಗಳೂ ಮುಚ್ಚಿದ್ದರಿಂದ ಜನ ಮನೆಯಲ್ಲೇ ಕಾಫಿ ಮಾಡಿಕೊಂಡರು. ಕಿರಾಣಿ ಅಂಗಡಿಯವರು ಫೋನಿನಲ್ಲಿ ಚೀಟಿ ಪಡೆದು ಮನೆಗೆ ಸಾಮಾನು ಮುಟ್ಟಿಸಿದರು. ಹಣವೂ ಮೊಬೈಲಿನಲ್ಲೇ ಬಂತು. ಈ ರೂಢಿಗಳಲ್ಲಿ ಕೆಲವು ಹಾಗೆಯೇ ಉಳಿದುವು.

ಅಡಿಕೆಗೆ ಮಾತ್ರ ಬೇಡಿಕೆ ಮರಳಿತು. 2021ರಲ್ಲಿ ರಾಶಿ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿತು. ಆದುದರಿಂದ ಇನ್ನು ಭಯವಿಲ್ಲವೆಂದು ತಿಳಿಯುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಜಗಿಯುವವರ ರೂಢಿ ನಾಳೆಯೂ ಇಂದಿನಂತೆಯೇ ಇರುವುದೆಂದು ಯಾರೂ ಭರವಸೆ ಕೊಡಲಾರರು. ಬೆಲೆ ಚೆನ್ನಾಗಿರುವಾಗಲೇ ಮೂರು ವಿಷಯಗಳನ್ನು ಗಮನಿಸಬೇಕು.

1. ಕಾಯುವ ಶಕ್ತಿ: ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ ಕೊಟ್ಟರೆ ಸುಲಿದು, ಬೇಯಿಸಿ, ಒಣಗಿಸುವ ಶ್ರಮ ತಪ್ಪುತ್ತದೆ, ಕಾದು ಮಾರುವ ಅವಕಾಶವೂ ತಪ್ಪುತ್ತದೆ. ಸ್ವಲ್ಪ ಭಾಗವನ್ನಾದರೂ ತಾವೇ ಸಂಸ್ಕರಿಸಿ ಇಡುವುದು ಲೇಸು. ಚೆನ್ನಾಗಿ ಒಣಗದ ಅಡಿಕೆ ಬೂಸಲು ಹಿಡಿಯುತ್ತದೆ. ಹಣದ ತುರ್ತಿದ್ದರೆ ಮಾರುವ ಮೊದಲು ಸಹಕಾರ ಸಂಘದಲ್ಲಿ ಅಡಮಾನ ಸಾಲದ ಬಗ್ಗೆ ವಿಚಾರಿಸಿರಿ.

2. ಪೊಟ್ಟಣದ ಲೆಕ್ಕ: ಮನೆಬಳಕೆಗೆ ಕಾಫಿಪುಡಿ ಮಾರಲು ಹೊರಟ ಕಾಫಿ ಬೆಳೆಗಾರರು ಮೊದಲು ತೂಕದ ನಷ್ಟವನ್ನು ತಿಳಿಯಬೇಕು. 100 ಕಿಲೋ ಹಸಿರು ಬೀಜ ಹುರಿದರೆ ಉಳಿಯುವುದು ಸುಮಾರು 80ರಿಂದ 85 ಕಿಲೋ. ಹುರಿಯುವ, ಬೀಸುವ, ಪೊಟ್ಟಣ ಕಟ್ಟುವ, ಸಾಗಿಸುವ ಖರ್ಚನ್ನೂ ಸೇರಿಸಿದ ಮೇಲೆ ಉಳಿದುದೇ ಲಾಭ. ಪುಡಿಯ ಘಮ ಬೇಗ ಹೋಗುವುದರಿಂದ ಸಣ್ಣ ಪೊಟ್ಟಣವೇ ಮೇಲು. ಹುರಿದ ದಿನಾಂಕವನ್ನು ಅದರ ಮೇಲೆ ಬರೆದಿರಬೇಕು. ಆಹಾರ ಸುರಕ್ಷತಾ ನೋಂದಣಿಯೂ ಅಗತ್ಯ.

3. ಎರಡನೆಯ ಆದಾಯ: ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ, ಮುಂದೆ ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ತಾನೇ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕೊಳ್ಳುವವರು ಹಿಂದೆ ಸರಿದಾಗ ಸರಕಿಗೆ ಹೊಸ ರೂಪ ಕೊಟ್ಟದ್ದೇ ಇಲ್ಲಿಯ ಪಾಠ. ನಮ್ಮ ತೋಟಗಳಲ್ಲಿ ನೀರು, ನೆರಳು ನೋಡಿಕೊಂಡು ಕಾಳುಮೆಣಸನ್ನೋ ಕೋಕೋವನ್ನೋ ಜೊತೆಗೆ ಬೆಳೆಯಬಹುದು.

ಈ ಹಂಗಾಮಿನ ಲೆಕ್ಕ ಬರೆಯುವಾಗ ಪ್ರತಿಯೊಬ್ಬ ಬೆಳೆಗಾರರೂ ಒಂದು ಪ್ರಶ್ನೆಯನ್ನು ಬರೆದುಕೊಳ್ಳಲಿ: ಮೂರು ತಿಂಗಳು ಕೊಳ್ಳುವವರೇ ಬಾರದಿದ್ದರೆ ನಮ್ಮ ಮನೆ ಹೇಗೆ ನಡೆಯುತ್ತದೆ? ಉತ್ತರ ಸಿಗದಿದ್ದರೆ, ಸಂಘದ ಮುಂದಿನ ಸಭೆಯಲ್ಲಿ ಅದೇ ಚರ್ಚೆಯ ಮೊದಲ ವಿಷಯವಾಗಲಿ.