ಹಳೆಯ ಪ್ಲೇಯರನ್ನು ಗುಜರಿಗೆ ಹಾಕುವ ಮುನ್ನ

ತಮ್ಮಾ, ದೊಡ್ಡ ಟಿವಿ ತಂದಾಯಿತು, ಇನ್ನು ಅದಕ್ಕೆ ತಕ್ಕ ಡಿಸ್ಕ್ ಪ್ಲೇಯರ್ ಬೇಕು, ಕೋಠಿಯ ಗುಜರಾತಿ ಗಲ್ಲಿಗೆ ಜೊತೆಗೆ ಬಾ ಮಾವಾ ಅಂದೆಯಲ್ಲ, ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ನೀನೊಮ್ಮೆ ತಾರ್ನಾಕದ ನಮ್ಮ ಮನೆಗೆ ಬಾ. ನಮ್ಮಿಬ್ಬರ ಮನೆಯ ಡಿಸ್ಕುಗಳನ್ನೂ ನೆಲದ ಮೇಲೆ ಹರಡಿ ನೋಡೋಣ. ಯಾವ ಪ್ಲೇಯರ್ ಕೊಳ್ಳಬೇಕೆಂಬುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಇಲ್ಲಿ ಹೈದರಾಬಾದಿನಲ್ಲಿ ಆರಾಧನಾ ಟಾಕೀಸಿಗೆ ಹೋದರೆ ತೆಲುಗು ಸಿನಿಮಾ ಇರುತ್ತಿತ್ತು. ನಮಗೆ ಕನ್ನಡ ಬೇಕೆಂದರೆ ಕಲಬುರಗಿಗೆ ಹೋದಾಗ ವಿಸಿಡಿ ಕೊಂಡು ತರಬೇಕಿತ್ತು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದ ಮೇಲಂತೂ ನಿಮ್ಮ ಅತ್ತೆ ಚೀಲ ತುಂಬಿಸಿಕೊಂಡೇ ರೈಲು ಹತ್ತುತ್ತಿದ್ದಳು. ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’, ‘ನಾಗರಹಾವು’ ಎಲ್ಲ ಹಾಗೆ ಬಂದವು.

ಮುಂದೆ ನಾನೊಂದು ಬ್ಲೂ-ರೇ ಪ್ಲೇಯರ್ ತಂದೆ. ಅದೇ ದಿನ ಹಳೆಯದನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಸಂಜೆ ನಿಮ್ಮ ಅತ್ತೆ ವಿಸಿಡಿ ಹಾಕಿದಳು, ಹೊಸ ಯಂತ್ರ ಅದನ್ನು ಓದಲಿಲ್ಲ. ಡಿಸ್ಕು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಮತ್ತೆ ತೆಗೆದಳು. ನನಗೊಂದು ಮಾತೂ ಅನ್ನಲಿಲ್ಲ. ಆಮೇಲೆ ಹುಡುಕಾಡಿ ಹಳೆಯ ಡಿವಿಡಿ ಪ್ಲೇಯರೊಂದನ್ನು ತಂದಿಟ್ಟೆ, ಇಂದಿಗೂ ಇದೆ. ಹೊಸ ಪ್ಲೇಯರುಗಳಲ್ಲಿ ಕೆಲವು ವಿಸಿಡಿ ಓದುವುದಿಲ್ಲ. ಅದಕ್ಕೇ ಅಂಗಡಿಗೆ ಒಂದು ವಿಸಿಡಿ, ಒಂದು ಗೀರು ಬಿದ್ದ ಡಿವಿಡಿ ಒಯ್ಯೋಣ. ಹಾಕಿಸಿ ನೋಡಿದ ಮೇಲೆಯೇ ದುಡ್ಡಿನ ಮಾತು.

ಇನ್ನೊಂದು ವಿಷಯ ಮನಸ್ಸಿನಲ್ಲಿಟ್ಟುಕೋ. ವಿಸಿಡಿಯ ಚಿತ್ರದಲ್ಲಿರುವುದು ಅಡ್ಡಕ್ಕೆ 352 ಚುಕ್ಕೆ, ಡಿವಿಡಿಯಲ್ಲಿ 720, ಬ್ಲೂ-ರೇಯಲ್ಲಿ 1920, 4ಕೆ ಡಿಸ್ಕಿನಲ್ಲಿ 3840. ಡಿಸ್ಕಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ಹುಟ್ಟಿಸಲಾರದು. ಇದ್ದುದನ್ನು ಹದವಾಗಿ ಹಿಗ್ಗಿಸಬಲ್ಲದು, ಅಷ್ಟೇ. ನಿನ್ನ 55 ಇಂಚಿನ ಟಿವಿಯನ್ನು ಹತ್ತು ಅಡಿ ದೂರದಿಂದ ನೋಡಿದರೆ ಬ್ಲೂ-ರೇಗೂ 4ಕೆಗೂ ಚುಕ್ಕೆಗಳ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. 4ಕೆ ಡಿಸ್ಕಿನ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲೆಯ ಹರವು, ಮಾತ್ರ ಕಾಣುತ್ತದೆ: ದೀಪದ ಜ್ವಾಲೆ, ಕತ್ತಲ ಕೋಣೆಯ ಮೂಲೆ, ಬಣ್ಣದ ಆಳ. ಹಣ ಕೊಡುವುದಾದರೆ ಅದಕ್ಕೆ ಕೊಡು.

ಹಾಗಂತ 4ಕೆ ಪ್ಲೇಯರ್ ಬೇಡ ಅನ್ನುತ್ತಿಲ್ಲ, ತಡಮಾಡಬೇಡ ಅನ್ನುತ್ತೇನೆ. 4ಕೆ ಡಿಸ್ಕು ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಒಳ್ಳೆಯ ಹೆಸರಿದ್ದ ಆಪ್ಪೊ 2018ರಲ್ಲೇ ಪ್ಲೇಯರ್ ಮಾಡುವುದನ್ನು ಬಿಟ್ಟಿತು, ಮರುವರ್ಷ ಸ್ಯಾಮ್‌ಸಂಗ್ ಕೈತೊಳೆದುಕೊಂಡಿತು. ಸೋನಿ, ಪ್ಯಾನಸೋನಿಕ್‌ನದು ಸಿಕ್ಕರೆ ನೋಡೋಣ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 4ಕೆಯಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಉತ್ಸವದ ತೆರೆ ಕಂಡಿತು. ಅಂಥ ಚಿತ್ರಗಳು ಡಿಸ್ಕಾಗಿ ಬಂದರೆ ಹಾಕಿ ನೋಡಲು ನಮ್ಮ ಮನೆಯಲ್ಲಿ ಯಂತ್ರ ಇರಬೇಕು. ಅದು ನನ್ನ ಆಸೆ.

ಅಮೆರಿಕದಲ್ಲಿರುವ ನಿನ್ನ ಅಕ್ಕನಿಗೂ ಒಂದು ಮಾತು ಹೇಳು. ಅಲ್ಲಿಯ ಬ್ಲೂ-ರೇಗಳಲ್ಲಿ ಬಹಳಷ್ಟಕ್ಕೆ ‘ಎ’ ವಲಯದ ಬೀಗ, ನಮ್ಮದು ‘ಸಿ’ ವಲಯ. 4ಕೆ ಡಿಸ್ಕಿಗೆ ಆ ಬೀಗವಿಲ್ಲ. ಕಳಿಸುವುದಾದರೆ ಅದನ್ನೇ ಕಳಿಸಲಿ.

ಧ್ವನಿಯ ವಿಷಯಕ್ಕೆ ಬಂದರೆ ನಿನ್ನ ಸೌಂಡ್‌ಬಾರಿಗೆ ಎಚ್‌ಡಿಎಂಐ ಒಳದಾರಿ ಇದೆಯೇ ನೋಡು. ಇದ್ದರೆ ಪ್ಲೇಯರಿನಿಂದ ಅದಕ್ಕೆ, ಅದರಿಂದ ಟಿವಿಗೆ ತಂತಿ ಎಳೆ. ಆದರೆ ಅದು 4ಕೆ ಎಚ್‌ಡಿಆರ್ ಚಿತ್ರವನ್ನು ಹಾಗೇ ದಾಟಿಸಬೇಕು. ಟಿವಿಯಿಂದ ಸೌಂಡ್‌ಬಾರಿಗೆ ಧ್ವನಿ ಮರಳಿಸುವ ಹಳೆಯ ಎಆರ್‌ಸಿ ದಾರಿಯಲ್ಲಿ ಡಾಲ್ಬಿ ಟ್ರೂಎಚ್‌ಡಿಯಂಥ ಪೂರ್ಣ ಧ್ವನಿ ಹಾಯುವುದಿಲ್ಲ. ಪ್ಲೇಯರಿನ ಮೆನುವಿನಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಆಯ್ಕೆ ಹಾಕು. ಟಿವಿಯ ಚಲನೆ ನುಣುಪುಗೊಳಿಸುವ ಆಟವನ್ನು ನಿಲ್ಲಿಸಿಬಿಡು, ಅದಿದ್ದರೆ ರಾಜ್‌ಕುಮಾರ್ ಅವರೂ ಧಾರಾವಾಹಿಯ ನಟರಂತೆ ಕಾಣುತ್ತಾರೆ.

ಬರುವಾಗ ನಿನ್ನ ಅಮ್ಮನ ಮದುವೆಯ ಡಿವಿಡಿ ಮರೆಯಬೇಡ. ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದಲ್ಲ, ಕ್ಯಾಸೆಟ್ಟಿನಿಂದ ಬಣ್ಣದ ಪದರದ ಮೇಲೆ ಸುಟ್ಟು ಬರೆದದ್ದು. ಆ ಬಣ್ಣ ವರ್ಷಗಳು ಕಳೆದಂತೆ ಮಾಸುತ್ತದೆ. ಅದರಲ್ಲಿ ನಮ್ಮ ಅವ್ವ ನಡೆದಾಡುತ್ತಾಳೆ, ಮಾತಾಡುತ್ತಾಳೆ. ಶನಿವಾರ ನೀನು ಬಂದೊಡನೆ ಅದನ್ನು ಕಂಪ್ಯೂಟರಿಗೆ ಇಳಿಸಿ ಎರಡು ನಕಲು ಮಾಡೋಣ. ಕೋಠಿಗೆ ಮಧ್ಯಾಹ್ನ ಹೋದರಾಯಿತು.