ಗಂಡನಿಂದ ಬೇರೆಯಾದವಳ ದುಃಖ



ಭದ್ರಾವತಿಯ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಮೂರು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣ ಮಾತ್ರ ಮಗಳ ಕೈಲಿ ತಪ್ಪದೆ ಕಳಿಸುತ್ತಿದ್ದಳು. ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಅವಳ ಮನೆಗೆ ಹೋಗಿರಲಿಲ್ಲ. "ಹೋಗಿ ಏನಂತ ಮಾತಾಡೋದು ಸಿಸ್ಟರ್?" ಅಂದರು.

ಗಂಡ ತೀರಿಕೊಂಡಿದ್ದರೆ ಹೀಗೆ ಕೇಳುತ್ತಿದ್ದರಾ? ಸಾವಿನ ಮನೆಗೆ ಕರೆಯದೇ ಹೋಗುತ್ತೇವೆ, ಅಡುಗೆ ಮಾಡಿ ಕಳಿಸುತ್ತೇವೆ, ಅಳಲು ಬಿಡುತ್ತೇವೆ. ಹನ್ನೊಂದನೇ ದಿನ, ತಿಂಗಳ ಪೂಜೆ, ವರ್ಷದ ತಿಥಿ ಅಂತ ದುಃಖಕ್ಕೂ ಒಂದು ದಾರಿ ಇರುತ್ತದೆ. ಬೇರೆಯಾಗಿ ಬಂದವಳಿಗೆ ಇದ್ಯಾವುದೂ ಇಲ್ಲ. ಅವಳ ಮನೆಗೆ ನಾವು ಒಯ್ಯುವುದು ಬರೀ ಪ್ರಶ್ನೆ: ಯಾಕೆ ಬಂದೆ, ಸ್ವಲ್ಪ ಸಹಿಸ್ಕೋಬಾರದಿತ್ತಾ?

ಅವಳು ಕಳೆದುಕೊಂಡದ್ದು ಗಂಡನನ್ನು ಮಾತ್ರವಲ್ಲ. ಮನೆ, ಅಕ್ಕಪಕ್ಕದವರು, ನಾದಿನಿಯ ಸ್ನೇಹ, ಮುಂದಿನ ದಿನಗಳ ಬಗ್ಗೆ ಇಟ್ಟುಕೊಂಡ ಆಸೆ ಎಲ್ಲವೂ ಹೋಗಿರುತ್ತದೆ. ಬೆಳಿಗ್ಗೆ ಸಿಟ್ಟು, ಮಧ್ಯಾಹ್ನ ತಪ್ಪೆಲ್ಲ ನನ್ನದೇ ಎಂಬ ಭಾವನೆ, ರಾತ್ರಿ ಅವನದೇ ನೆನಪು. ಹೊಡೆದವನನ್ನು ನೆನೆದು ಅಳು ಬಂದರೆ "ನನಗೆ ಮಾನ ಇಲ್ವಾ" ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಇದು ಹುಚ್ಚಲ್ಲ, ನಾಚಿಕೆಗೇಡೂ ಅಲ್ಲ. ವರ್ಷಗಟ್ಟಲೆ ಒಟ್ಟಿಗೆ ಬದುಕಿದವರಿಗೆ ಹೀಗಾಗುವುದು ಸಹಜ.

"ಬಿಟ್ಟು ಬಂದಿದ್ದು ಪಾಪವಾ ಸಿಸ್ಟರ್?" ಎಂದು ಕೇಳುವವರಿದ್ದಾರೆ. ಸೇವೆಗೆ ಸೇರಿದ ಹೊಸತರಲ್ಲಿ ನಾನೂ "ಹೊಂದಿಕೊಂಡು ಹೋಗಮ್ಮ" ಅಂತಲೇ ಕಳಿಸುತ್ತಿದ್ದೆ. ಹಾಗೆ ವಾಪಸ್ ಹೋದ ಒಬ್ಬಳು ಕೈ ಮುರಿದುಕೊಂಡು ಬಂದಳು. ಆಮೇಲೆ ಆ ಮಾತು ಬಿಟ್ಟೆ. ಹಿಂಸೆಯಿಂದ ತನ್ನನ್ನೂ ಮಕ್ಕಳನ್ನೂ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ಅಗತ್ಯವೇ ಆಗುತ್ತದೆ ಎಂದು ಪೋಪ್ ಫ್ರಾನ್ಸಿಸ್ 2016ರ ತಮ್ಮ ಪತ್ರದಲ್ಲಿ ಬರೆದಿದ್ದಾರೆ. ನಮ್ಮದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು ಹೊರಟ ಕಥೆ ನಿಮಗೆಲ್ಲ ಗೊತ್ತು. ಅಕ್ಕನಿಗೆ ಕೈ ಮುಗಿಯುತ್ತೇವೆ, ಪಕ್ಕದ ಮನೆಗೆ ಬಂದವಳನ್ನು ಅನುಮಾನಿಸುತ್ತೇವೆ!

ಈ ಸ್ಥಿತಿಯಲ್ಲಿರುವ ಸಹೋದರಿಗೆ ನನ್ನ ಮಾತು: ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒಡವೆ ಮಾರುವುದು, ದೊಡ್ಡ ಸಾಲ, ಮರುಮದುವೆ ಇವುಗಳ ತೀರ್ಮಾನ ಕೆಲವು ತಿಂಗಳು ತಡೆಯಿರಿ. ಮಕ್ಕಳ ಕೈಲಿ ಅಪ್ಪನಿಗೆ ಮಾತು ಕಳಿಸಬೇಡಿ. ಚಿಕ್ಕ ಮಕ್ಕಳು ತಮ್ಮಿಂದಲೇ ಹೀಗಾಯಿತೆಂದು ತಿಳಿಯುತ್ತಾರೆ. "ಇದು ನಿನ್ನಿಂದ ಆಗಿದ್ದಲ್ಲ ಕಂದ" ಎಂದು ಬಾಯಿಬಿಟ್ಟು ಹೇಳಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸತ್ತರೆ ಸಾಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ, ಬೆದರಿಕೆ ಇದ್ದರೆ 181. ವಕೀಲರಿಗೆ ದುಡ್ಡಿಲ್ಲ ಅಂತ ಕೊರಗಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ವಿಚ್ಛೇದನ ಪಡೆಯದೆಯೂ ಜೀವನಾಂಶ ಕೇಳಬಹುದು.

ಉಳಿದ ಸದಸ್ಯರೇ, ಗೌರಿ ಬಾಗಿನಕ್ಕೆ, ಕ್ರಿಸ್ಮಸ್ ಊಟಕ್ಕೆ ಅವಳನ್ನು ಕರೆಯೋದೋ ಬೇಡವೋ ಎಂಬ ಅನುಮಾನ ಬೇಡ, ಕರೆಯಿರಿ. ನಾಲ್ಕನೇ ವಾರ ಭದ್ರಾವತಿಯ ಆ ಸಂಘದ ಇಬ್ಬರು ಮಂಡಕ್ಕಿ ಕಟ್ಟಿಕೊಂಡು ಹೋದರು. ಏನೂ ಕೇಳಲಿಲ್ಲವಂತೆ. ಅವಳು ಅತ್ತಳು, ಇವರು ಕೂತಿದ್ದರು, ಟೀ ಕುಡಿದು ಬಂದರು.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘಕ್ಕೆ ಬರುವುದನ್ನು ಇತ್ತೀಚೆಗೆ ನಿಲ್ಲಿಸಿದವರು ಯಾರು? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?