ತವರಿನ ಹೆಸರು ಕಡಿಸುವ ಮುನ್ನ

ಮತದಾನದ ದಿನ ಮಧ್ಯಾಹ್ನ ವಕೀಲರನ್ನು ಹುಡುಕಿಕೊಂಡು ಬರುವ ಹೆಣ್ಣುಮಕ್ಕಳ ಕೈಯಲ್ಲಿ ಜೋಪಾನ ಮಾಡಿದ ಗುರುತಿನ ಚೀಟಿ ಇರುತ್ತದೆ. ‘ಕಾರ್ಡ್ ಐತ್ರಿ, ಪಟ್ಟಿಯೊಳಗ ಹೆಸರಿಲ್ಲ ಅಂತಾರ, ಏನರ ಮಾಡ್ರಿ’ ಎನ್ನುತ್ತಾರೆ. ಆ ಹೊತ್ತಿಗೆ ಯಾವ ವಕೀಲರಿಂದಲೂ ಏನೂ ಆಗುವುದಿಲ್ಲ. ನ್ಯಾಯಾಲಯವೂ ಅಂದು ಹೆಸರು ಸೇರಿಸಲಾರದು. ಮತ ಹಾಕುವ ಹಕ್ಕು ಕೂತಿರುವುದು ಕಾರ್ಡಿನಲ್ಲಲ್ಲ, ಪಟ್ಟಿಯಲ್ಲಿ. ಕಾರ್ಡು ‘ಇವಳೇ ಆಕೆ’ ಎಂದು ತೋರಿಸುವುದಕ್ಕಷ್ಟೇ. ಕಾರ್ಡ್ ಕಳೆದುಹೋದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್ ತೋರಿಸಿ ಮತ ಹಾಕಬಹುದು. ಹೆಸರಿಲ್ಲದಿದ್ದರೆ ಕಾರ್ಡಿಗೆ ಯಾವ ಬೆಲೆಯೂ ಇಲ್ಲ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 62ನೇ ಕಲಮು ಇದನ್ನೇ ಹೇಳುತ್ತದೆ.

ಹೀಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಕಾರಣ ಸರಳ: ಗಂಡಸು ಹುಟ್ಟಿದ ಊರಿನ ಪಟ್ಟಿಯಲ್ಲೇ ಸಾಯುವತನಕ ಇರುತ್ತಾನೆ. ಹೆಣ್ಣು ಮದುವೆಯಾಗಿ ಊರು ಬಿಡುತ್ತಾಳೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇಂಡಿಯವಳು ಬಾಗೇವಾಡಿಗೆ, ಬಾಗೇವಾಡಿಯವಳು ಮುದ್ದೇಬಿಹಾಳಕ್ಕೆ. ಅವಳ ಹೆಸರು ದಾಟಬೇಕಾದ ಆ ದಾರಿಯಲ್ಲೇ ಬಿದ್ದುಹೋಗುತ್ತದೆ.

ಹೇಗೆ ಬೀಳುತ್ತದೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಮನೆಯವರು ಸೊಸೆಯ ಹೆಸರು ‘ಹಚ್ಚಿಸಲು’ ಆನ್‌ಲೈನ್ ಸೆಂಟರಿಗೋ ಏಜೆಂಟನ ಹತ್ತಿರವೋ ಹೋಗುತ್ತಾರೆ. ‘ಮೊದ್ಲ ತವರಮನ್ಯಾಗ ಕಡಿಸ್ಕೊಂಡ ಬರ್ರಿ’ ಎನ್ನುತ್ತಾನೆ ಆತ. ತವರಿನಲ್ಲಿ ನಮೂನೆ 7 ಹಾಕಿ ಹೆಸರು ತೆಗೆಸುತ್ತಾರೆ. ಅದು ಬೇಗ ಆಗುತ್ತದೆ. ಆಮೇಲೆ ಗಂಡನ ಊರಿನಲ್ಲಿ ಹೊಸ ಮತದಾರಳೆಂದು ನಮೂನೆ 6 ತುಂಬುತ್ತಾರೆ. ಅದಕ್ಕೆ ದಾಖಲೆ ಸಾಲದು, ಫೋಟೋ ಸರಿಯಿಲ್ಲ, ಮನೆಗೆ ಹೋದಾಗ ಯಾರೂ ಇರಲಿಲ್ಲ ಎಂದು ಏನೋ ಒಂದು ನೆಪ ಬರೆದು ತಿರಸ್ಕರಿಸುತ್ತಾರೆ. ತಿರಸ್ಕಾರದ ಸುದ್ದಿ ಹೋಗುವುದು ಏಜೆಂಟನ ಮೊಬೈಲಿಗೆ, ಯಾಕೆಂದರೆ ಅರ್ಜಿಯಲ್ಲಿ ಅವನದೇ ನಂಬರ್ ಕೊಟ್ಟಿರುತ್ತಾನೆ. ಆಕೆಗೆ ಗೊತ್ತಾಗುವುದು ಮತಗಟ್ಟೆಯ ಬಾಗಿಲಲ್ಲಿ. ಅತ್ತ ತವರಿನ ಪಟ್ಟಿಯಲ್ಲೂ ಇಲ್ಲ, ಇತ್ತ ಗಂಡನ ಊರಿನಲ್ಲೂ ಇಲ್ಲ. ಎರಡು ಅರ್ಜಿಗೂ ದುಡ್ಡು ಕೊಟ್ಟಿರುತ್ತಾರೆ. ಈ ಯಾವ ನಮೂನೆಗೂ ಸರ್ಕಾರ ಒಂದು ಪೈಸೆ ಶುಲ್ಕ ಇಟ್ಟಿಲ್ಲ. ತಿಳಿಯದ ಹೆಣ್ಣುಮಗಳ ಕೂಲಿಯ ದುಡ್ಡು ತಿಂದು ಅವಳ ಮತವನ್ನೂ ಕಳೆಯುವ ಈ ದಂಧೆಯ ಬಗ್ಗೆ ನನಗೆ ತಡೆಯಲಾರದ ಸಿಟ್ಟಿದೆ.

ತವರಿನಲ್ಲಿ ಕಡಿಸಬೇಡಿ. ನಮೂನೆ 7ಕ್ಕೆ ಸಹಿ ಹಾಕಲೇಬೇಡಿ. ಬೇಕಾದದ್ದು ನಮೂನೆ 8 ಒಂದೇ. 2022ರ ಆಗಸ್ಟಿನಿಂದ ಊರು ಬದಲಾವಣೆ, ತಿದ್ದುಪಡಿ, ಹೊಸ ಕಾರ್ಡು ಮೂರೂ ಇದೇ ಅರ್ಜಿಯಲ್ಲಿ ಆಗುತ್ತವೆ. ಗಂಡನ ಊರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ, ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಯಲ್ಲಿ, ಇಲ್ಲವೇ ಚುನಾವಣಾ ಆಯೋಗದ ಮೊಬೈಲ್ ಆ್ಯಪಿನಲ್ಲಿ ಕೊಡಬಹುದು. ಹಳೇ ಕಾರ್ಡಿನ ನಂಬರ್ ಹಾಗೇ ಉಳಿಯುತ್ತದೆ. ಹೊಸ ಊರಿನಲ್ಲಿ ಹೆಸರು ಸೇರಿದ ಮೇಲೆ ಹಳೇ ಊರಿನದನ್ನು ತೆಗೆಯುವುದು ಅಧಿಕಾರಿಗಳ ಕೆಲಸ, ನಿಮ್ಮದಲ್ಲ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಬರೆಯಿರಿ. ನಿಮಗಿಲ್ಲದಿದ್ದರೆ ಮಗಳದೋ ತಂಗಿಯದೋ ಇರಲಿ, ಏಜೆಂಟನದು ಬೇಡ. ರಶೀದಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ‘ಆಮೇಲೆ ಬರ್ರಿ’ ಎಂದರೆ ಅಲ್ಲೇ ನಿಲ್ಲಿ.

ತವರಿನಲ್ಲಿ ಈಗಾಗಲೇ ಕಡಿಸಿಬಿಟ್ಟಿದ್ದರೆ ಮಾತು ಬೇರೆ. ಪಟ್ಟಿಯಲ್ಲಿ ಎಲ್ಲೂ ಹೆಸರಿಲ್ಲದವರಿಗೆ ನಮೂನೆ 8 ನಡೆಯುವುದಿಲ್ಲ, ನಮೂನೆ 6ನ್ನೇ ತುಂಬಬೇಕು. ಹಳೇ ಕಾರ್ಡಿನ ಝೆರಾಕ್ಸ್ ಲಗತ್ತಿಸಿ. ಆದರೆ ತವರಿನಲ್ಲಿ ಹೆಸರು ಇದ್ದೂ, ಏಜೆಂಟ್ ಹೇಳಿದನೆಂದು ‘ಎಲ್ಲೂ ಇಲ್ಲ’ ಎಂದು ನಮೂನೆ 6ರಲ್ಲಿ ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸಜೆ ಆಗಬಹುದು. ಹೆಬ್ಬೆಟ್ಟು ಒತ್ತಿದವಳು ನೀವು, ಏಜೆಂಟನ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

‘ನನ್ನ ಹೆಸರಿನ್ಯಾಗ ಮನೀನೂ ಇಲ್ಲ, ಲೈಟ್ ಬಿಲ್ಲೂ ಇಲ್ಲ’ ಎಂದು ಅರ್ಧ ಹೆಂಗಸರು ಅರ್ಜಿಯನ್ನೇ ಹಾಕುವುದಿಲ್ಲ. ಗಂಡನ ಹೆಸರಿನ ಬಿಲ್ಲು, ಪಾಸ್‌ಬುಕ್, ಪಹಣಿ ಸಾಕು, ಆತ ಅದೇ ವಿಳಾಸದಲ್ಲಿ ಮತದಾರನಾಗಿದ್ದರೆ ಆಯಿತು. ಯಾವ ಕಾಗದವೂ ಇಲ್ಲದಿದ್ದರೂ ಅರ್ಜಿ ವಾಪಸ್ ಕೊಡುವಂತಿಲ್ಲ. ಬಿಎಲ್‌ಒ ಮನೆಗೆ ಬಂದು ನೋಡಿ ವರದಿ ಕೊಡಬೇಕು. ಬಹಳ ಊರುಗಳಲ್ಲಿ ಬಿಎಲ್‌ಒ ಎಂದರೆ ನಿಮ್ಮ ಅಂಗನವಾಡಿ ಅಕ್ಕನೋ ಶಾಲೆಯ ಮಾಸ್ತರರೋ ಆಗಿರುತ್ತಾರೆ. ಹೆದರಬೇಕಾದ ಮಂದಿ ಅಲ್ಲ.

ಇನ್ನು ಸಂಬಂಧಿಕರ ಹೆಸರಿನ ಕಾಲಂ. ಮದುವೆಯಾದ ಕೂಡಲೇ ತಂದೆಯ ಹೆಸರು ತೆಗೆದು ಗಂಡನ ಹೆಸರು ಹಾಕಲೇಬೇಕೆಂದು ಕಚೇರಿಯಲ್ಲಿ ಹೇಳುವವರಿದ್ದಾರೆ. ಹಾಗೆಂದು ಕಾನೂನಿಲ್ಲ. ತಂದೆ, ತಾಯಿ, ಗಂಡ ಯಾರದಾದರೂ ಒಂದು ಹೆಸರು ಸಾಕು. ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ತಾಯಿಯ ಹೆಸರನ್ನು ಧೈರ್ಯವಾಗಿ ಬರೆಯಿರಿ. ‘ಅಪ್ಪ ಯಾರು’ ಎಂದು ಕೌಂಟರಿನಲ್ಲಿ ಕೇಳಿ ಹೆಣ್ಣುಮಗಳ ಮುಖ ಕೆಳಗೆ ಹಾಕಿಸುವ ನೌಕರ ತನಗಿಲ್ಲದ ಅಧಿಕಾರ ಚಲಾಯಿಸುತ್ತಿದ್ದಾನೆ.

ಹೆಸರಿನ ವಿಷಯಕ್ಕೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಹಿಂದಿನ ಕಥೆ ಕಾರಣ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಂಗಸರ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗ್ಯು ಅವರನ್ನು ಕಂಡು ಮತದ ಹಕ್ಕು ಕೇಳಿತು. 1919ರ ಭಾರತ ಸರ್ಕಾರ ಕಾಯ್ದೆ ಅದನ್ನು ಪ್ರಾಂತಗಳ ಮರ್ಜಿಗೆ ಬಿಟ್ಟಿತು. ನಮ್ಮ ವಿಜಯಪುರ ಆಗ ಮುಂಬೈ ಪ್ರಾಂತದಲ್ಲಿತ್ತು. ಮದ್ರಾಸ್, ಮುಂಬೈ ಎರಡೂ 1921ರಲ್ಲಿ ಒಪ್ಪಿದವು, ಆದರೆ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತು ಸ್ವಲ್ಪದರಲ್ಲಿ ಸೋತರು. 1935ರ ಕಾಯ್ದೆ ಬಂದಾಗ ಆಸ್ತಿಯುಳ್ಳವನ ಹೆಂಡತಿ ಎಂಬುದೂ ಒಂದು ಅರ್ಹತೆಯಾಯಿತು. ಮತ ಸಿಕ್ಕಿತು, ಗಂಡನ ಆಸ್ತಿಯ ಲೆಕ್ಕದಲ್ಲಿ. ಗಂಡನ ನೆರಳಿಲ್ಲದೆ ಪ್ರತಿಯೊಬ್ಬಳಿಗೂ ಸ್ವಂತ ಮತ ಕೊಟ್ಟದ್ದು ಸಂವಿಧಾನದ 326ನೇ ವಿಧಿ. ಆದರೂ ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿ ಬರೆಯುವಾಗ ಉತ್ತರದ ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು.

ಈಗ ಹೆಸರು ಹೇಳಲು ನಾಚುವವರಿಲ್ಲ. ಈಗಿನ ಅಪಾಯ, ಇನ್ನೊಬ್ಬರು ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದು. ನೆರೆಯ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ 6,018 ಹೆಸರು ತೆಗೆಯಲು ಆನ್‌ಲೈನಿನಲ್ಲಿ ನಮೂನೆ 7 ಸಲ್ಲಿಕೆಯಾದವು. ತನಿಖೆಯಲ್ಲಿ ಸರಿಯಾದವು ಎಂದು ಕಂಡದ್ದು 24 ಮಾತ್ರ. ಉಳಿದ 5,994 ಸುಳ್ಳು. ಅರ್ಜಿ ಹಾಕಿದವರೆಂದು ಯಾರ ಹೆಸರಿತ್ತೋ ಅವರಿಗೇ ಅದರ ಅರಿವಿರಲಿಲ್ಲ. ಒಬ್ಬ ಬಿಎಲ್‌ಒಗೆ ತನ್ನ ಸಂಬಂಧಿಕರದೇ ಹೆಸರು ಪಟ್ಟಿಯಲ್ಲಿ ಕಂಡಿದ್ದರಿಂದ ವಿಷಯ ಹೊರಬಿತ್ತು, ಹೆಸರುಗಳು ಉಳಿದವು. ಕಾಣದಿದ್ದರೆ?

ಕಾನೂನು ಹೇಳುವುದೇನೆಂದರೆ, ‘ಊರು ಬಿಟ್ಟಿದ್ದಾಳೆ’ ಎಂದು ಹೆಸರು ತೆಗೆಯುವ ಮುನ್ನ ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು. ಆ ನೋಟಿಸ್ ಮನೆಯಲ್ಲಿ ಯಾರ ಕೈಗೆ ಸಿಗುತ್ತದೆ, ಅವರು ನಿಮಗೆ ಹೇಳುತ್ತಾರೋ ಇಲ್ಲವೋ, ಅದನ್ನು ಕಾಯ್ದೆ ನೋಡುವುದಿಲ್ಲ. ಗಂಡನ ಮನೆಯವರೊಡನೆ ವ್ಯಾಜ್ಯವಿದ್ದು ತವರಿಗೆ ಬಂದಿರುವವರು ಇದನ್ನು ಎರಡು ಸಲ ಓದಿ. ತೆಗೆಯಲು ಬಂದ ಅರ್ಜಿಗಳ ಪಟ್ಟಿಯನ್ನು ನಮೂನೆ 10ರಲ್ಲಿ ಕಚೇರಿಯ ಫಲಕಕ್ಕೆ ಹಚ್ಚಬೇಕು. ಹಚ್ಚಿರದಿದ್ದರೆ ಕೇಳಿ. ಅದಕ್ಕಿಂತ ಸುಲಭ, 1950ಕ್ಕೆ ಫೋನ್ ಮಾಡಿ ಕಾರ್ಡ್ ನಂಬರ್ ಹೇಳಿ ಹೆಸರು ಇದೆಯೇ ಎಂದು ವಿಚಾರಿಸುವುದು. ಸ್ವಸಹಾಯ ಸಂಘದ ಅಕ್ಕಂದಿರಿಗೆ ನನ್ನದೊಂದು ಕೋರಿಕೆ: ಸಂಘದ ಸಭೆಗೆ ಬಿಎಲ್‌ಒ ಅವರನ್ನು ಕರೆಸಿ ನಿಮ್ಮ ಭಾಗದ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಯಾರ ಮನೆಗೆ ಸೊಸೆ ಬಂದಿದ್ದಾಳೆ, ಯಾರು ತೀರಿಕೊಂಡಿದ್ದಾರೆ ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ.

ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ, ಗೋವಾ, ಪುಣೆ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವವರಿಗೆ: ಕೆಲ ತಿಂಗಳು ಊರಲ್ಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ಹೆಸರು ತೆಗೆಯುವಂತಿಲ್ಲ. 1950ರ ಕಾಯ್ದೆಯ 20ನೇ ಕಲಮು ತಾತ್ಕಾಲಿಕ ಗೈರುಹಾಜರಿಯಿಂದ ವಾಸ ಹೋಗುವುದಿಲ್ಲ ಎನ್ನುತ್ತದೆ. ಬೀಗ ಹಾಕಿದ ಮನೆ ನೋಡಿ ‘ಸ್ಥಳಾಂತರ’ ಎಂದು ಗೀಚಿಬಿಡುವ ಬಿಎಲ್‌ಒಗಳಿದ್ದಾರೆ, ಆದ್ದರಿಂದ ಹೋಗುವ ಮುನ್ನ ಅವರಿಗೆ ತಿಳಿಸಿ, ಪಕ್ಕದ ಮನೆಯವರಿಗೂ ಹೇಳಿಡಿ. ಮತಗಟ್ಟೆಯಲ್ಲಿ ಗೈರುಹಾಜರು, ಸ್ಥಳಾಂತರ, ಮೃತ ಎಂಬ ಬೇರೆಯೇ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿದ್ದರೂ ಮೂಲ ಪಟ್ಟಿಯಿಂದ ತೆಗೆದಿರದಿದ್ದರೆ ಗುರುತು ತೋರಿಸಿ ಮತ ಹಾಕುವ ಹಕ್ಕು ನಿಮಗಿದೆ. ವಾಪಸ್ ಕಳಿಸಲು ನೋಡಿದರೆ ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನೇ ಕೇಳಿ.

ಇಡೀ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸಿ ಬರೆಯುವ ತೀವ್ರ ಪರಿಷ್ಕರಣೆಯ ಮಾತನ್ನೂ ಹೇಳಲೇಬೇಕು. ಬಿಹಾರದಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಕಾರಣ ಸಹಿತ ಆ ಹೆಸರುಗಳನ್ನು ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಇಂಥ ಪರಿಷ್ಕರಣೆಯಲ್ಲಿ, ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತನ್ನ ಹೆಸರಿಲ್ಲದಿದ್ದರೆ ತಂದೆ ತಾಯಿಯ ಹೆಸರು ತೋರಿಸಬೇಕು. ಗಂಡ, ಅತ್ತೆ ಮಾವಂದಿರ ನಂಟು ಸಾಲುವುದಿಲ್ಲ. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ ಆದದ್ದು 2002ರಲ್ಲಿ. ಅದರ ನಂತರ ಮತದಾರರಾದ ಸೊಸೆಯಂದಿರೆಲ್ಲ ತವರೂರಿನ 2002ರ ಪಟ್ಟಿಯಲ್ಲಿ ತಂದೆ ಅಥವಾ ತಾಯಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿ ಬರೆದಿಟ್ಟುಕೊಳ್ಳಿ. ಹುಡುಕುವಾಗ ಒಂದು ತೊಡಕಿದೆ. 2008ರಲ್ಲಿ ಕ್ಷೇತ್ರಗಳು ಬದಲಾದವು. ಹೂವಿನ ಹಿಪ್ಪರಗಿ, ಬಳ್ಳೊಳ್ಳಿ, ತಿಕೋಟಾ ಕ್ಷೇತ್ರಗಳು ಈಗ ಇಲ್ಲ. ದೇವರ ಹಿಪ್ಪರಗಿ, ನಾಗಠಾಣ, ಬಬಲೇಶ್ವರ ಆಗ ಇರಲಿಲ್ಲ. ಈಗಿನ ಕ್ಷೇತ್ರದ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ.

ಎಲ್ಲಕ್ಕೂ ಗಡುವಿದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದರೆ ಪಟ್ಟಿ ಮುಚ್ಚಿತು, ಯಾರೂ ಒಂದು ಅಕ್ಷರ ಸೇರಿಸುವಂತಿಲ್ಲ. 2023ರಲ್ಲಿ ಮತದಾನ ಮೇ 10ಕ್ಕೆ, ನಾಮಪತ್ರದ ಕೊನೆಯ ದಿನ ಏಪ್ರಿಲ್ 20. ಅರ್ಜಿಯ ಪರಿಶೀಲನೆಗೂ ದಿನ ಬೇಕು, ಹಾಗಾಗಿ ಚುನಾವಣೆ ಘೋಷಣೆಯಾದ ಮೇಲೆ ಎಚ್ಚರಾದವರಿಗೆ ಸಮಯ ಉಳಿದಿರುವುದಿಲ್ಲ. ಹದಿನೆಂಟು ತುಂಬಿದ ಹುಡುಗಿಯರು ಜನವರಿಯವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ 1ನೇ ತಾರೀಖು ಈಗ ಅರ್ಹತಾ ದಿನಾಂಕ. ಮದುವೆಗೆ ಮುಂಚೆಯೇ ತವರಿನಲ್ಲಿ ಹೆಸರು ಮಾಡಿಸಿಡಿ. ‘ನಾಳೆ ಗಂಡನ ಮನೆಗೆ ಹೋಗುವವಳು’ ಎಂದು ಮುಂದೂಡುವ ಅಪ್ಪಂದಿರು ಮಗಳಿಗೆ ಮೋಸ ಮಾಡುತ್ತಿದ್ದಾರೆ.

ಮತಗಟ್ಟೆಯೊಳಗೆ ಗಂಡ ನಿಮ್ಮ ಜೊತೆ ಬರುವಂತಿಲ್ಲ. ಜೊತೆಗಾರರಿಗೆ ಅವಕಾಶವಿರುವುದು ಕಣ್ಣು ಕಾಣದವರಿಗೆ ಅಥವಾ ಅಂಗವೈಕಲ್ಯದಿಂದ ಗುಂಡಿ ಒತ್ತಲಾಗದವರಿಗೆ ಮಾತ್ರ. ಓದಲು ಬರುವುದಿಲ್ಲ ಎಂಬುದಷ್ಟೇ ಅದಕ್ಕೆ ಕಾರಣವಾಗದು. ಚಿಹ್ನೆ ಇರುವುದೇ ಅದಕ್ಕೆ. ನಿಮ್ಮ ಮತವನ್ನು ಬೇರೊಬ್ಬಳು ಮೊದಲೇ ಹಾಕಿ ಹೋಗಿದ್ದರೆ ಅಳುತ್ತ ಹೊರಗೆ ಬರಬೇಡಿ, ‘ಟೆಂಡರ್ ಮತ ಕೊಡ್ರಿ’ ಎಂದು ಕೇಳಿ. ಮತಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ ಅದನ್ನು ಕೊಡಲೇಬೇಕು.

ಪಂಚಾಯಿತಿಗೆ ನಿಲ್ಲುವವರಿಗೂ ಇದೇ ಪಟ್ಟಿಯ ಕಾಟ. 1987ರಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಪಾಲು ಮೀಸಲಿಟ್ಟು ಚುನಾವಣೆ ನಡೆಸಿದ ರಾಜ್ಯ ನಮ್ಮದು. 2010ರಿಂದ ಅರ್ಧ ಪಾಲು. ಮಹಿಳಾ ಮೀಸಲು ಬಂದ ವಾರ ಮನೆಮಂದಿ ಸೊಸೆಯ ಹೆಸರು ಹುಡುಕಲು ಓಡುತ್ತಾರೆ. ಆಗ ನೋಡಿದರೆ ಅದು ಸಿಂದಗಿಯ ತವರಿನಲ್ಲೇ ಇರುತ್ತದೆ. ಆ ಪಂಚಾಯಿತಿಯ ಪಟ್ಟಿಯಲ್ಲಿ ಹೆಸರಿಲ್ಲದವಳ ನಾಮಪತ್ರ ನಿಲ್ಲುವುದಿಲ್ಲ. ಗೆದ್ದ ಮೇಲೆ ಇನ್ನೊಂದು ಎಚ್ಚರಿಕೆ: ಖಾಲಿ ಠರಾವು ಪುಸ್ತಕಕ್ಕೆ ಸಹಿ, ಡಿಜಿಟಲ್ ಸಹಿಯ ಕೀ ಎರಡನ್ನೂ ಗಂಡನಿಗಾಗಲಿ ಮೈದುನನಿಗಾಗಲಿ ಕೊಡಬೇಡಿ. ಹಣ ದುರುಪಯೋಗವಾದಾಗ ನೋಟಿಸ್ ಬರುವುದು ಅಧ್ಯಕ್ಷೆಯ ಹೆಸರಿಗೆ.

ಅರ್ಜಿ ತಿರಸ್ಕಾರವಾದರೆ ಆದೇಶದ ಪ್ರತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಆದೇಶದ ದಿನದಿಂದ 15 ದಿನದೊಳಗೆ ವಿಜಯಪುರದ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿಗೆ. ಬೇಕೆಂದೇ ಕರ್ತವ್ಯ ತಪ್ಪಿದ ಅಧಿಕಾರಿಗೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಎಂದು 1950ರ ಕಾಯ್ದೆಯ 32ನೇ ಕಲಮು ಹೇಳುತ್ತದೆ. ಆದರೆ ನೀವು ನೇರವಾಗಿ ನ್ಯಾಯಾಲಯಕ್ಕೆ ಹೋದರೆ ನಡೆಯುವುದಿಲ್ಲ, ಆಯೋಗ ಅಥವಾ ಮುಖ್ಯ ಚುನಾವಣಾಧಿಕಾರಿಯ ಕಡೆಯಿಂದಲೇ ದೂರು ದಾಖಲಾಗಬೇಕು. ಹಾಗಾಗಿ ಮೇಲ್ಮನವಿಯಲ್ಲೇ ಆ ಅಧಿಕಾರಿಯ ಹೆಸರು, ಹುದ್ದೆ, ತಾರೀಖು ಬರೆದು ಕ್ರಮ ಕೋರಿ. ಬರೆಯಲು ಬಾರದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ದೂರವಾಣಿ 15100. ಹೋಗುವಾಗ ರಶೀದಿ, ಹಳೇ ಕಾರ್ಡು, ತಿರಸ್ಕಾರದ ಆದೇಶ ಈ ಮೂರನ್ನೂ ಒಯ್ಯಿರಿ. ಆದೇಶ ಕೊಡಲು ಕಚೇರಿ ಸತಾಯಿಸುತ್ತಿದ್ದರೆ ಆದೇಶ ಬರಲೆಂದು ಕಾಯುತ್ತ ಕೂರಬೇಡಿ. 15 ದಿನ ಅಷ್ಟರಲ್ಲೇ ಮುಗಿದುಹೋಗಬಹುದು. ರಶೀದಿಯೊಂದನ್ನೇ ಹಿಡಿದು ಹೋಗಿ.